ದ್ರವ ಔಷಧಿಗೆ ಬೆರೆಸುವ ಉಪ್ಪು, ಸಂರಕ್ಷಕಗಳು ಸರ್ಫ್ಯಾಕ್ಟಂಟ್‌ನ ವರ್ತನೆಯನ್ನು ಹೇಗೆ ಬದಲಿಸುತ್ತವೆ?

ಸರ್ಫ್ಯಾಕ್ಟಂಟ್ ಎಂದರೆ, ಅಣುವಿನ ಒಂದು ತುದಿ (ತಲೆ) ನೀರಿಗೆ ಒಲಿಯುವ, ಇನ್ನೊಂದು ತುದಿ ನೀರಿನಿಂದ ದೂರ ಸರಿಯುವ, ಸಾಬೂನಿನಂತಹ ವಸ್ತು. ಇದರ ಅಣುಗಳು ನೀರಿನಲ್ಲಿ ಒಂದು ನಿರ್ದಿಷ್ಟ ಸಾಂದ್ರತೆಯನ್ನು ದಾಟಿದ ಮೇಲಷ್ಟೇ ಒಟ್ಟುಗೂಡಿ ಮೈಸೆಲ್ ಎಂಬ ಸೂಕ್ಷ್ಮ ಗೋಲಗಳಾಗುತ್ತವೆ. ನೀರಿನಲ್ಲಿ ಸುಲಭವಾಗಿ ಕರಗದ ಔಷಧವನ್ನು ತಮ್ಮೊಳಗೆ ಹಿಡಿದಿಡುವುದು ಇವೇ. ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ಸರ್ಫ್ಯಾಕ್ಟಂಟ್‌ಗೆ ಈ ಸಾಂದ್ರತೆಯ ಮಿತಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 8 ಮಿಲಿಮೋಲಾರ್. ಅದಕ್ಕೆ 0.1 ಮೋಲಾರ್‌ನಷ್ಟು ಸೋಡಿಯಂ ಕ್ಲೋರೈಡ್ ಬೆರೆಸಿದರೆ, ಋಣಾವೇಶವಿರುವ ಅಣುತಲೆಗಳ ನಡುವಿನ ವಿಕರ್ಷಣೆಯನ್ನು ಸೋಡಿಯಂ ಅಯಾನುಗಳು ತಗ್ಗಿಸುವುದರಿಂದ, ಮಿತಿ ಸುಮಾರು 1.5 ಮಿಲಿಮೋಲಾರ್‌ಗೆ ಇಳಿಯುತ್ತದೆ. ಎಥನಾಲ್ ಪ್ರಮಾಣ ಹೆಚ್ಚಾದರೆ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾದ ಪರಿಣಾಮ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಎಚ್ಚರ ಬೇಕಾಗಿರುವುದು ಸಂರಕ್ಷಕಗಳ ವಿಷಯದಲ್ಲಿ: ಪಾಲಿಸಾರ್ಬೇಟ್ 80 ಎಂಬ ಸರ್ಫ್ಯಾಕ್ಟಂಟ್ ಇರುವ ದ್ರಾವಣಕ್ಕೆ ಹಾಕಿದ ಪ್ಯಾರಾಬೆನ್ ಎಂಬ ಸಂರಕ್ಷಕದ ಗಣನೀಯ ಪಾಲು ಮೈಸೆಲ್‌ಗಳೊಳಗೆ ಸೇರಿಕೊಳ್ಳುವುದರಿಂದ, ಬಾಟಲಿಯಲ್ಲಿ ಒಟ್ಟು ಪ್ರಮಾಣ ಸರಿಯಿದ್ದರೂ, ಸೂಕ್ಷ್ಮಜೀವಿಗಳನ್ನು ತಡೆಯಲು ಒದಗುವುದು ನೀರಿನಲ್ಲಿ ಮುಕ್ತವಾಗಿ ಉಳಿದ ಭಾಗ ಮಾತ್ರ.