ಸನ್ ಕನ್ಯೂರ್ ಕೂಗಾಟ: ಅಂಕೋಲಾದ ತಂಗಿಗೆ ಉತ್ತರ, ಸ್ವಲ್ಪ ಉದ್ದ ಆಯ್ತು

ತಂಗಿ, ನಿಮ್ಮ ಪೋಸ್ಟ್ ನಿನ್ನೆ ರಾತ್ರಿನೇ ಓದಿದ್ದೆ. ಹದಿನಾಲ್ಕು ತಿಂಗಳ ಸನ್ ಕನ್ಯೂರ್ (ದಕ್ಷಿಣ ಅಮೆರಿಕದ ಹಳದಿ ಗಿಳಿ), ಮೂರು ತಿಂಗಳಿಂದ ಕಿವಿ ಹರಿಯುವ ಹಾಗೆ ಕೂಗ್ತದೆ, ಪಕ್ಕದ ಮನೆಯವರು ಬಂದು ಜಗಳ ಮಾಡಿ ಹೋದ್ರು, ಅದಕ್ಕೆ ಹಗಲಲ್ಲೂ ಪಂಜರಕ್ಕೆ ಕಪ್ಪು ಬಟ್ಟೆ ಹಾಕಿ ಹಿಂದಿನ ಕೋಣೆಗೆ ಇಟ್ಟಿದ್ದೇನೆ ಅಂತ ಬರೆದಿದ್ದೀರಿ. ಅಷ್ಟಾದ್ರೆ ಸುಮ್ನೆ ಇರ್ತಿದ್ದೆ. ‘ತೀರಾ ತಡೆಯಲಿಕ್ಕೆ ಆಗದಾಗ ಹೋಗಿ ಒಂದು ಗೇರುಬೀಜ ಕೊಟ್ಟು ಬರ್ತೇನೆ, ಆಗ ಹತ್ತು ನಿಮಿಷ ಸುಮ್ನಾಗ್ತದೆ’ ಅನ್ನೋ ಸಾಲು ಓದಿ ಉತ್ತರ ಬರೆಯದೆ ಇರಲಿಕ್ಕೆ ಆಗ್ಲಿಲ್ಲ. ಇದೇ ಸಾಲನ್ನ ನಾನು ಏಳೆಂಟು ವರ್ಷದ ಹಿಂದೆ ಒಬ್ಬರ ಹತ್ರ ಹೇಳಿದ್ದೆ. ಗೇರುಬೀಜದ ಬದಲು ಶೇಂಗಾ ಇತ್ತು, ಅಷ್ಟೇ ವ್ಯತ್ಯಾಸ.

ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು ‘ರೆಕ್ಕೆ ಕತ್ತರಿಸಿ, ತಣ್ಣಗಾಗ್ತದೆ’ ಅಂದಿದ್ದಾರೆ. ರೆಕ್ಕೆಗೂ ಗಂಟಲಿಗೂ ಎಂತ ಸಂಬಂಧ ಮಾರಾಯ್ರೆ? ಇನ್ನೊಬ್ಬರು ನೀರು ಚಿಮುಕಿಸಿ ಅಂದಿದ್ದಾರೆ. ಅದನ್ನೂ ಬಿಡಿ, ನಾಳೆ ಸ್ನಾನ ಮಾಡಿಸುವಾಗ ನೀರು ಕಂಡ್ರೆ ಓಡ್ತದೆ.

ನನ್ನ ಮೊದಲ ಹಕ್ಕಿನೂ ಸನ್ನೇ. ಚಿನ್ನು ಅಂತ ಹೆಸರು. ಶಿರಸಿ ಹತ್ರ ನಮ್ಮ ಮನೆ, ಸುತ್ತ ತೋಟ, ಹಾಗಾಗಿ ಪಕ್ಕದ ಮನೆಯವರ ಜಗಳ ಇರ್ಲಿಲ್ಲ, ಮನೆಯೊಳಗಿನದ್ದೇ ಇತ್ತು. ನಾನು ಬೆಳಿಗ್ಗೆ ತೋಟಕ್ಕೆ ಇಳಿದ ಕೂಡಲೇ ಶುರು. ಆಯಿ (ಅಮ್ಮ) ಒಳಗಿಂದ ‘ಸುಮ್ನಿರೋ’ ಅಂತ ಅದಕ್ಕಿಂತ ಜೋರು ಕೂಗ್ತಿದ್ದಳು. ನಾನು ಅರ್ಧ ದಾರಿಯಿಂದ ವಾಪಸ್ ಬಂದು, ಬೈದು, ಒಂದು ಶೇಂಗಾ ಕೊಟ್ಟು ಹೋಗ್ತಿದ್ದೆ. ಒಂದೊಂದು ದಿನ ಹಟ ಹಿಡಿದು ಅರ್ಧ ತಾಸು ಬರ್ತಿರ್ಲಿಲ್ಲ, ಆಮೇಲೆ ಸೋತು ಬರ್ತಿದ್ದೆ. ಆ ಅರ್ಧ ತಾಸೇ ಕೆಟ್ಟದ್ದು. ಓಸಿ (ಮಟ್ಕಾ ಜೂಜು) ನಂಬರ್ ಬರೆಸುವವನನ್ನ ನೋಡಿದ್ದೀರಲ್ಲ? ದಿನಾ ಹತ್ತಿದ್ರೆ ಅವನಿಗೆ ಬೇಜಾರು ಬರ್ತಿತ್ತು. ಯಾವತ್ತೋ ಒಮ್ಮೆ ಹತ್ತೋದ್ರಿಂದಲೇ ದಿನಾ ಬರೆಸ್ತಾನೆ. ಚಿನ್ನುಗೆ ನಾನು ಅದನ್ನೇ ಕಲಿಸಿದ್ದೆ: ಐದು ನಿಮಿಷಕ್ಕೆ ಬರದಿದ್ರೆ ಇಪ್ಪತ್ತು ನಿಮಿಷ ಕೂಗು, ಬಂದೇ ಬರ್ತಾನೆ.

ಆಮೇಲೆ ಬಟ್ಟೆ. ಮೊದಲ ನಾಲ್ಕು ದಿನ ಬಟ್ಟೆ ಹಾಕಿದ ಕೂಡಲೇ ಸುಮ್ನಾಯ್ತು, ನಿಮಗೂ ಹಾಗೇ ಆಗಿರ್ತದೆ, ಮೋಸ ಆಗೋದೇ ಅಲ್ಲಿ. ಅದು ಬುದ್ಧಿ ಕಲಿತು ಸುಮ್ನಾದ್ದಲ್ಲ, ಕತ್ತಲಾಯ್ತು ಅಂತ ಸುಮ್ನಾದ್ದು. ಹದಿನೈದು ದಿನಕ್ಕೆ ಬಟ್ಟೆಯೊಳಗಿಂದಲೇ ಕೂಗಲಿಕ್ಕೆ ಹಿಡೀತು. ಒಂದು ತಿಂಗಳಿಗೆ ಎದೆಯ ಗರಿ ಕಿತ್ಕೊಳ್ಳಲಿಕ್ಕೆ ಶುರು ಮಾಡ್ತು. ಬಟ್ಟೆ ತೆಗೆದ್ರೆ ಪಂಜರದ ತಳದಲ್ಲಿ ಹಳದಿ ಗರಿ, ಎದೆ ಮೇಲೆ ರೂಪಾಯಿಯಷ್ಟು ಅಗಲ ಬರೀ ಚರ್ಮ. ನಾನು ಹುಳ ಅಂದ್ಕೊಂಡು ಬೇವಿನ ಸೊಪ್ಪು ಕುದಿಸಿದ ನೀರಲ್ಲಿ ಮೀಯಿಸಿದೆ. ಹೆಡ್ಡತನ.

ಕಡೆಗೆ ಕುಮಟಾದ ಗೆಳೆಯನೊಬ್ಬ ‘ನಂಗೆ ಕೊಡು’ ಅಂದ. ಗ್ಯಾರೇಜ್ ಇಟ್ಕೊಂಡವನು. ಹಕ್ಕಿ ಬಗ್ಗೆ ಒಂದಕ್ಷರ ಓದಿದವನಲ್ಲ. ಮೂರು ತಿಂಗಳು ಬಿಟ್ಟು ಹೋಗಿ ನೋಡ್ತೇನೆ, ಚಿನ್ನು ಗಲ್ಲಾದ ಪಕ್ಕ ಕೋಲಿನ ಮೇಲೆ ಕೂತು ನಟ್ಟು ಉರುಳಿಸ್ತಾ ಇದೆ, ಎದೆ ಮೇಲೆ ಹೊಸ ಗರಿ. ಇವನು ಗಾಡಿ ಕೆಳಗೆ ಮಲಗಿದವ ಅಲ್ಲಿಂದಲೇ ಒಂದು ಸಿಳ್ಳೆ ಹಾಕ್ತಾನೆ, ಅದು ತಿರುಗಿ ಒಂದು ‘ಕಿರ್’ ಅಂತದೆ, ಇಬ್ಬರೂ ತಮ್ಮ ತಮ್ಮ ಕೆಲಸಕ್ಕೆ. ‘ಎಂತ ಮಾಡಿದೆ’ ಅಂದ್ರೆ ‘ಎಂತದೂ ಇಲ್ಲ, ಕರೀತದೆ, ಓ ಅಂತೇನೆ’ ಅಂದ. (ಗ್ಯಾರೇಜಿನ ಪೆಟ್ರೋಲು, ಪೇಂಟಿನ ವಾಸನೆ ಹಕ್ಕಿಗೆ ಒಳ್ಳೇದಲ್ಲ ಅಂತ ಅವತ್ತು ಬೈದು ಬಂದೆ. ಈಗ ಮನೆಗೆ ಒಯ್ದಿದ್ದಾನೆ.)

ನಾನು ಹೇಳಬೇಕಾದದ್ದು ಪೂರ್ತಿ ಅಷ್ಟೇ. ಅದು ಕರೀತದೆ, ನೀವು ಓ ಅನ್ನಿ. ಆ ಕರೆ ಕೂಗಾಟ ಆಗುವ ಮೊದಲೇ ಅನ್ನಿ.

ಕಾಡಿನಲ್ಲಿ ಗಿಳಿ ಹಿಂಡು ಎಲೆ ಮರೆಯಲ್ಲಿ ಒಂದಕ್ಕೊಂದು ಕಾಣಿಸೋದಿಲ್ಲ, ಹಾಗಾಗಿ ‘ಇದ್ದೀಯಾ’, ‘ಇದ್ದೇನೆ’ ಅಂತ ಕೂಗ್ತಾ ಇರ್ತವೆ. ವೆನೆಜುವೆಲಾದಲ್ಲಿ ಒಂದು ಜಾತಿಯ ಪುಟ್ಟ ಗಿಳಿಗಳ ಗೂಡಿನಲ್ಲಿ ಕ್ಯಾಮರಾ ಇಟ್ಟು ನೋಡಿದ ಅಧ್ಯಯನ 2011ರಲ್ಲಿ ಬಂತು. ತಂದೆ ತಾಯಿ ಒಂದೊಂದು ಮರಿಗೂ ಬೇರೆ ಬೇರೆ ಕರೆ ಕಲಿಸ್ತವೆ, ಹೆಸರಿಟ್ಟ ಹಾಗೆ. ಅಂಥ ಜಾತಿಯದ್ದನ್ನ ಒಂದೇ ಒಂದು ತಂದು ಕೋಣೆಯಲ್ಲಿಟ್ಟು, ಅದು ಕರೆದಾಗ ಉತ್ತರ ಕೊಡದೆ, ಗಂಟಲು ಹರಿದ್ಕೊಂಡಾಗ ಮಾತ್ರ ಹೋದ್ರೆ ಅದು ಎಂತ ಕಲೀಬೇಕು ಹೇಳಿ? ಸೇಡು ತೀರಿಸ್ಕೊಳ್ತಾ ಇದೆ ಅಂತ ಬರೆದಿದ್ದೀರಿ. ಸೇಡೂ ಇಲ್ಲ, ಸೊಕ್ಕೂ ಇಲ್ಲ. ಯಾವುದರಿಂದ ಕೆಲಸ ಆಗ್ತದೆ ಅಂತ ಲೆಕ್ಕ ಹಾಕಿದೆ, ಲೆಕ್ಕ ಸರಿಯಾಗೇ ಇದೆ.

ಈಗಿನ ನನ್ನ ಗ್ರೇಗೆ (ಆಫ್ರಿಕದ ಬೂದು ಗಿಳಿ) ನಾನು ಮಾಡಿದ್ದು ಹೀಗೆ. ಎರಡೇ ಸ್ವರದ ಒಂದು ಸಿಳ್ಳೆ ಆರಿಸ್ಕೊಂಡೆ, ಮನೆಯವರೆಲ್ಲರಿಗೂ ಬರುವಂಥದ್ದು. ಆಯಿಗೆ ಸಿಳ್ಳೆ ಬರೋದಿಲ್ಲ, ಅವಳಿಗೆ ‘ಹೋಯ್’ ಅಂತ ಕೊಟ್ಟೆವು. ಕಣ್ಣಿಂದ ಮರೆಯಾಗುವಾಗ ನಾನೇ ಮೊದಲು ಸಿಳ್ಳೆ. ಅದು ಮೆತ್ತಗೆ ಎಂತ ಸದ್ದು ಮಾಡಿದ್ರೂ ಇದ್ದಲ್ಲಿಂದಲೇ ಸಿಳ್ಳೆ. ಕೂಗಿದ್ರೆ ಕಲ್ಲಿನ ಹಾಗೆ: ಬೈಯೋದಿಲ್ಲ, ತಿರುಗಿ ನೋಡೋದಿಲ್ಲ. ಬೈಗಳವೂ ಅದಕ್ಕೆ ಬಹುಮಾನವೇ, ನೆನಪಿಡಿ. ಕೂಗು ನಿಂತು ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಹೊತ್ತು ಸುಮ್ನಿದ್ರೆ ಆಗ ಹೋಗಿ ಮಾತಾಡ್ಸೋದು, ಒಂದು ಸೂರ್ಯಕಾಂತಿ ಬೀಜ. ಆಮೇಲೆ ಹತ್ತನ್ನ ಇಪ್ಪತ್ತು ಮಾಡೋದು, ನಲವತ್ತು ಮಾಡೋದು.

ಎರಡನೇ ವಾರ ಕೂಗು ಹೆಚ್ಚಾಗ್ತದೆ, ಈಗಲೇ ಹೇಳಿಟ್ಟಿರ್ತೇನೆ. ಆರುವ ಮುಂಚೆ ದೀಪ ಜೋರು ಉರಿದ ಹಾಗೆ. ಎಲ್ಲರೂ ಬಿಟ್ಟುಬಿಡೋದು ಅಲ್ಲೇ. ಆಗ ಸೋತು ಒಂದು ಗೇರುಬೀಜ ಕೊಟ್ಟಿರೋ, ಮೊದಲಿಗಿಂತ ಜೋರು ಕೂಗಿದ್ರೆ ಸಿಗ್ತದೆ ಅಂತ ಕಲಿಸಿದ ಹಾಗೆ. ನನಗೆ ಐದು ವಾರ ಹಿಡೀತು. ನಡುವೆ ಹುಬ್ಬಳ್ಳಿಯಿಂದ ಬಂದ ಅತ್ತಿಗೆ ‘ಪಾಪ’ ಅಂತ ಒಂದು ಚಕ್ಕುಲಿ ಚೂರು ಕೊಟ್ಟಳು, ಎರಡು ವಾರದ ಕೆಲಸ ನೀರಲ್ಲಿ ಹೋಯ್ತು. ಮನೆಯವರೆಲ್ಲ ಒಪ್ಪದಿದ್ರೆ ಶುರು ಮಾಡ್ಲೇಬೇಡಿ. ಪಕ್ಕದ ಮನೆಗೂ ಹೋಗಿ ‘ಇನ್ನೊಂದು ತಿಂಗಳು ತಡ್ಕೊಳ್ಳಿ’ ಅಂತ ಹೇಳಿ ಬನ್ನಿ, ಗೇರುಬೀಜ ಅವರಿಗೆ ಕೊಡಿ.

ಎರಡು ಮಾತು ಸೇರಿಸ್ಬೇಕು. ಬೆಳಗಾಗುವಾಗ, ಸಂಜೆ ಕಂತುವಾಗ ಹತ್ತು ಹದಿನೈದು ನಿಮಿಷ ಕೂಗೇ ಕೂಗ್ತದೆ, ಅದನ್ನ ಯಾರೂ ನಿಲ್ಲಿಸಲಿಕ್ಕೆ ಆಗೋದಿಲ್ಲ. ಅದರಲ್ಲೂ ಸನ್ ಅಂದ್ರೆ ತುಂಬಾ ದೊಡ್ಡ ಗಂಟಲು. ಸುಮ್ನಿರುವ ಹಕ್ಕಿ ಬೇಕಿದ್ರೆ ಕಾಕಟೀಲ್ (ಜುಟ್ಟಿನ ಪುಟ್ಟ ಗಿಳಿ) ತರಬೇಕಿತ್ತು, ಅಂಗಡಿಯವ ಹೇಳೋದಿಲ್ಲ ಬಿಡಿ. ಇನ್ನೊಂದು, ಕರೆಯುವ ಕೂಗಿಗೂ ಹೆದರಿದ ಕೂಗಿಗೂ ವ್ಯತ್ಯಾಸ ಕಲೀರಿ. ಒಮ್ಮೆ ಮಧ್ಯಾಹ್ನ ನನ್ನ ಗ್ರೇ ಒಂದೇ ಉಸಿರಿಗೆ ಕಿರುಚ್ತು. ನಾನು ಪದ್ಧತಿ ಪಾಲಿಸುವ ಪಂಡಿತ, ಎದ್ದೇ ಹೋಗ್ಲಿಲ್ಲ. ಆಯಿ ಹೋಗಿ ನೋಡಿದ್ರೆ ಜಗಲಿಯ ಜಂತಿ ಮೇಲೆ ಮಾರುದ್ದದ ಕೇರೆ ಹಾವು, ಪಂಜರಕ್ಕೆ ಎರಡು ಮೊಳ ದೂರದಲ್ಲಿ. ಅವತ್ತಿಂದ ಗಿಡ್ಡ, ಒರಟು, ನಿಲ್ಲದ ಕೂಗು ಬಂದ್ರೆ ಓಡ್ತೇನೆ.

ಇದಕ್ಕೆಲ್ಲ ಮುಂಚೆ ಹಕ್ಕಿಗೆ ಸೌಖ್ಯ ಇದೆಯಾ ನೋಡಿ. ಅಡುಗೆಮನೆಯ ಗ್ರಾಂ ತಕ್ಕಡಿ ತಗೊಂಡು ದಿನಾ ಬೆಳಿಗ್ಗೆ, ಹಿಕ್ಕೆ ಹಾಕಿದ ಮೇಲೆ, ತಿನ್ನುವ ಮುಂಚೆ ತೂಕ ಮಾಡಿ ಬರೆದಿಡಿ. ಸನ್ ಸಾಮಾನ್ಯ 100ರಿಂದ 120 ಗ್ರಾಂ ಇರ್ತದೆ. ಅದರ ಮಾಮೂಲಿ ತೂಕದಿಂದ 10 ಗ್ರಾಂ ಇಳಿದ್ರೆ ನಾಳೆ ನೋಡುವ ಅನ್ಬೇಡಿ, ಡಾಕ್ಟರ ಹತ್ರ ಹೋಗಿ. ಹಕ್ಕಿ ಕಾಯಿಲೆಯನ್ನ ಮುಚ್ಚಿಡ್ತದೆ, ಗರಿ ಉಬ್ಬಿಸಿ ತಳದಲ್ಲಿ ಕೂತಿತು ಅಂದ್ರೆ ಆಗಲೇ ತಡವಾಗಿರ್ತದೆ. ಎದೆಯ ಗರಿಯನ್ನೂ ನೋಡಿ. ಬಟ್ಟೆ ಮುಚ್ಚಿ ಇಟ್ಟವರು ಯಾರೂ ಎದೆ ನೋಡೋದಿಲ್ಲ, ನಾನೂ ನೋಡಿರ್ಲಿಲ್ಲ.

ಬಟ್ಟೆ ರಾತ್ರಿಗೆ ಮಾತ್ರ. ಹತ್ತು ಹನ್ನೆರಡು ತಾಸು ನಿದ್ದೆ ಬೇಕು. ರಾತ್ರಿ ಹನ್ನೊಂದರ ತನಕ ಟೀವಿ ಮುಂದೆ ಕೂರಿಸಿದ್ರೆ ಮರುದಿನ ಮಕ್ಕಳ ಹಾಗೇ ರಂಪ. ಮಳೆಗಾಲದಲ್ಲಿ ಆ ಬಟ್ಟೆ ಒಣಗೋದಿಲ್ಲ, ಮುಗ್ಗಲು ವಾಸನೆ ಬಂದ್ರೆ ಬದಲಿಸಿ.

ಹಿಂದಿನ ಕೋಣೆಯಿಂದ ಇವತ್ತೇ ಹೊರಗೆ ತನ್ನಿ. ಮನೆಯವರು ಓಡಾಡುವ ಜಾಗ, ಆದರೆ ಒಂದು ಬದಿಗೆ ಗೋಡೆ ಇರ್ಬೇಕು. ಅಡುಗೆಮನೆ ಬೇಡ. ನಾನ್‌ಸ್ಟಿಕ್ ತವಾ ಕಾದು ಸೀದ್ರೆ ಅದರ ಹೊಗೆಗೆ ಹಕ್ಕಿ ನಿಮಿಷಗಳಲ್ಲಿ ಸಾಯ್ತದೆ, ನಮಗೆ ವಾಸನೆಯೂ ಬರೋದಿಲ್ಲ. ನಮ್ಮಲ್ಲಿ ದೋಸೆಗೆ ಕಬ್ಬಿಣದ ಕಾವಲಿ ಒಂದೇ ಈಗ. ಬಚ್ಚಲ ಒಲೆಯ ಹೊಗೆ, ಘಟ್ಟದ ಮೇಲಿನವರಾದ್ರೆ ಅಡಿಕೆ ಬೇಯಿಸುವ ಒಲೆಯ ಹೊಗೆ, ಊದುಬತ್ತಿ, ಸೊಳ್ಳೆ ಕಾಯಿಲ್, ಎಲ್ಲ ದೂರ. ತೋಟದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆದು ಬಂದವರು ಮಿಂದು ಬಟ್ಟೆ ಬದಲಿಸದೆ ಹಕ್ಕಿ ಮುಟ್ಟಬೇಡಿ, ಆ ಔಷಧಿಯ ಮೈಲುತುತ್ತ ಹಕ್ಕಿಯ ಹೊಟ್ಟೆಗೆ ಹೋಗಬಾರದು.

ಮತ್ತೆ ಆ ಗೇರುಬೀಜ. ಉಪ್ಪು ಹಾಕಿ ಹುರಿದದ್ದು ಅಂತ ಫೋಟೋದಲ್ಲೇ ಕಾಣ್ತದೆ. ನೂರು ಗ್ರಾಮಿನ ಜೀವಕ್ಕೆ ಅದು ನಮಗೆ ಒಂದು ಬಟ್ಟಲು ಉಪ್ಪಿನಕಾಯಿ ತಿಂದಷ್ಟಾಯ್ತು. ಶೇಂಗಾನೂ ನಮ್ಮ ಮಳೆಗಾಲದಲ್ಲಿ ಕೊಡ್ಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಡಬ್ಬಿಯಲ್ಲಿಟ್ಟರೂ ಬೂಷ್ಟು ಹಿಡೀತದೆ, ಆ ಬೂಷ್ಟಿನ ವಿಷ ಹುರಿದ್ರೂ ಪೂರ್ತಿ ಹೋಗೋದಿಲ್ಲ, ಲಿವರಿಗೆ ಪೆಟ್ಟು. ಬೀಜದ ಮಿಕ್ಸ್ ಅಷ್ಟನ್ನೇ ಹಾಕ್ತಾ ಇದ್ದೀರಿ ಅಂತ ಕಾಣ್ತದೆ. ಅದು ಸೂರ್ಯಕಾಂತಿ ಆರಿಸಿ ತಿಂದು ಉಳಿದದ್ದನ್ನ ಚೆಲ್ತದೆ. ಕೊಬ್ಬು ಏರ್ತದೆ, ಎ ವಿಟಮಿನ್ ಇಲ್ಲ. ಪಪ್ಪಾಯಿ, ಗಜ್ಜರಿ, ನುಗ್ಗೆಸೊಪ್ಪು, ತೊಂಡೆಕಾಯಿ, ಮೊಳಕೆ ಬಂದ ಹೆಸರು ಕೊಡಿ. ಬೆಣ್ಣೆಹಣ್ಣು (ಅವಕಾಡೊ) ಮಾತ್ರ ವಿಷ, ಒಂದು ಚೂರೂ ಬೇಡ. ಚಹಾ, ಚಾಕೊಲೇಟ್ ಕೂಡ. ಪೆಲೆಟ್‌ನಲ್ಲಿ (ಗುಳಿಗೆ ಹಾಗಿರುವ ತಯಾರಿ ಹಕ್ಕಿ ಆಹಾರ) ಜುಪ್ರೀಮ್ ಕಂಪನಿಯ ಬಣ್ಣದ್ದಕ್ಕಿಂತ ಅವರದ್ದೇ ಬಣ್ಣ ಇಲ್ಲದ್ದು ವಾಸಿ ಅಂತ ನನ್ನ ಲೆಕ್ಕ. ಬಣ್ಣದ್ದು ತಿಂದ್ರೆ ಹಿಕ್ಕೆ ಯಾವ ಬಣ್ಣ ಅಂತ ನೋಡಿ ಕಾಯಿಲೆ ಗುರುತಿಸೋದೇ ಕಷ್ಟ. ಹ್ಯಾರಿಸನ್ಸ್ ಕಂಪನಿಯದ್ದು ಒಳ್ಳೇದು, ಆದರೆ ಆ ದುಡ್ಡಿಗೆ ನಾವೇ ವಾರ ಊಟ ಮಾಡ್ಬಹುದು. ಚೀಲ ದೊಡ್ಡದು ತರಬೇಡಿ, ನಮ್ಮ ಹವೆಗೆ ಮುಗ್ಗಲು ಹಿಡೀತದೆ. ಪೆಲೆಟ್‌ಗೆ ಒಂದೇ ದಿನದಲ್ಲಿ ಬದಲಿಸ್ಲೂ ಬೇಡಿ, ಹಟ ಹಿಡಿದು ಉಪವಾಸ ಕೂರ್ತವೆ.

ಕೂಗಿಗೆ ಅರ್ಧ ಮದ್ದು ಕೆಲಸ. ಕಾಡಿನಲ್ಲಿ ದಿನಾ ತಾಸುಗಟ್ಟಲೆ ಹೊಟ್ಟೆಪಾಡಿಗೆ ತಿರುಗುವ ಹಕ್ಕಿಗೆ ಬಟ್ಟಲಲ್ಲಿ ಹಾಕಿ ಕೊಟ್ರೆ ಐದು ನಿಮಿಷದಲ್ಲಿ ಊಟ ಮುಗೀತು, ಉಳಿದ ದಿನ ಎಂತ ಮಾಡ್ಬೇಕು? ಪೇಟೆಯ ಪ್ಲಾಸ್ಟಿಕ್ ಆಟಿಕೆಗೆ ದುಡ್ಡು ಸುರೀಬೇಡಿ. ಅಡಿಕೆ ಹಾಳೆ ತುಂಡು ಮಾಡಿ, ನಡುವೆ ಬೀಜ ಇಟ್ಟು ಮಡಚಿ, ಬಿದಿರು ಕಡ್ಡಿ ಚುಚ್ಚಿ ಪಂಜರಕ್ಕೆ ಸಿಕ್ಕಿಸಿ. ಮೊದಲ ದಿನ ಅರ್ಧ ತೆರೆದೇ ಕೊಡಿ, ಅದಕ್ಕೆ ಬೀಜ ಕಾಣ್ಬೇಕು. ನನ್ನ ಗ್ರೇ ಒಂದು ಹಾಳೆಗೆ ಮುಕ್ಕಾಲು ತಾಸು ತಗೊಳ್ತದೆ. ಹಾಳೆ ಬೇಸಿಗೆಯಲ್ಲಿ ಹೆಕ್ಕಿ ಒಣಗಿಸಿದ್ದಾಗಬೇಕು, ಔಷಧಿ ಹೊಡೆದ ತೋಟದ್ದು, ಮಳೆಗೆ ಕಪ್ಪು ಚುಕ್ಕಿ ಬಂದದ್ದು ಬೇಡ. ತೆಂಗಿನ ಗರಟೆಯೂ ಆಗ್ತದೆ, ಆದರೆ ಕಟ್ಟಲಿಕ್ಕೆ ನೈಲಾನ್ ದಾರ ಹಾಕಬೇಡಿ, ಎಳೆ ಬಿಚ್ಚಿ ಕಾಲಿಗೆ ಸುತ್ತಿ ಬೆರಳೇ ಹೋಗ್ತದೆ. ಜಿಂಕ್ ಬಳಿದ ಹೊಸ ತಂತಿಯೂ ಬೇಡ, ಕಚ್ಚಿ ಕಚ್ಚಿ ವಿಷ ಏರ್ತದೆ.

ಮಾತು ಕಲಿಸೋದು ಹೇಗೆ ಅಂತಲೂ ಕೇಳಿದ್ದೀರಿ. ಸನ್‌ನಿಂದ ಹೆಚ್ಚು ಮಾತು ನಿರೀಕ್ಷೆ ಮಾಡ್ಬೇಡಿ. ಆದರೆ ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಅವರು 1977ರಲ್ಲಿ ಅಂಗಡಿಯಿಂದ ತಂದ ಅಲೆಕ್ಸ್ ಅನ್ನೋ ಗ್ರೇಗೆ ಕಲಿಸಿದ ರೀತಿಯನ್ನ ಬೇರೆ ಗಿಳಿಗೂ ಮಾಡಿ ನೋಡ್ಬಹುದು. ಇಬ್ಬರು ಹಕ್ಕಿಯ ಎದುರು ಕೂತು, ಒಬ್ಬರು ವಸ್ತು ತೋರಿಸಿ ಕೇಳೋದು, ಇನ್ನೊಬ್ಬರು ಹೆಸರು ಹೇಳಿ ಅದನ್ನೇ ಇಸ್ಕೊಳ್ಳೋದು. ಹಕ್ಕಿಗೆ ಹೊಟ್ಟೆಕಿಚ್ಚು, ನಂಗೂ ಬೇಕು ಅಂತ. ಹೇಳಿದ್ರೆ ಅದೇ ವಸ್ತು ಬಹುಮಾನ, ಬೇರೆ ತಿಂಡಿ ಅಲ್ಲ. 2007ರಲ್ಲಿ ಸಾಯುವಾಗ ಅಲೆಕ್ಸ್‌ಗೆ ನೂರರಷ್ಟು ಶಬ್ದ ಬರ್ತಿತ್ತು, ಬಣ್ಣ, ಆಕಾರ, ಆರರ ತನಕ ಲೆಕ್ಕ. ಮೊಬೈಲಿನಲ್ಲಿ ಒಂದೇ ಮಾತನ್ನ ದಿನವಿಡೀ ಹಾಕಿಟ್ಟರೆ ಅರ್ಥ ತಿಳಿದು ಮಾತಾಡೋದು ಬರೋದಿಲ್ಲ. ನಮ್ಮದಕ್ಕೆ ಯಾರೂ ಕಲಿಸದೆ ಬಂದದ್ದು ‘ಆಸ್ರಿಗೆ ಬೇಕಾ?’ (ಕುಡಿಯಲಿಕ್ಕೆ ಬೇಕಾ ಅಂತ). ಜಗಲಿಗೆ ಯಾರು ಕಾಲಿಟ್ಟರೂ ಆಯಿ ಕೇಳುವ ಮಾತು. ಕೊರಿಯರ್ ಹುಡುಗ ಒಮ್ಮೆ ‘ಬೇಡ ಅಮ್ಮಾ’ ಅಂದ.

ಕೊನೆಗೆ, ‘ಇದನ್ನ ಮಾರಿ ತೆಂಗಿನ ಬೊಡ್ಡೆಯಿಂದ ಒಂದು ಹಸಿರು ಗಿಳಿಮರಿ ತಗೊಳ್ಳಿ’ ಅಂದವರೇ, ಗುಂಪಿನಲ್ಲಿ ಇಂಥದ್ದು ಬರೀಬೇಡಿ. ನಮ್ಮ ಹಸಿರು ಗಿಳಿ ಹಿಡಿಯೋದು, ಸಾಕೋದು, ಮಾರೋದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಮರಿ ಬಿದ್ದು ಸಿಕ್ಕಿದ್ರೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ತಂಗಿ, ನಿಮ್ಮ ಸನ್ ವಿದೇಶಿ ಜಾತಿ, ಸಾಕಬಹುದು, ಆದರೆ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಮಾಡಿಸಿಲ್ಲ ಅಂದ್ರೆ ಅಂಗಡಿಯ ರಸೀದಿ ಹುಡುಕಿಟ್ಟು ಅರಣ್ಯ ಕಚೇರಿಯಲ್ಲಿ ವಿಚಾರಿಸಿ.

ಇವತ್ತು ಬಟ್ಟೆ ತೆಗೆದು ಎದೆಯ ಒಂದು ಫೋಟೋ, ನಾಳೆ ಬೆಳಗಿನ ತೂಕ, ಎರಡನ್ನೂ ಇಲ್ಲೇ ಹಾಕಿ. ಕೂಗಿನ ವಿಡಿಯೋ ಬೇಡ, ನನ್ನ ಮೊಬೈಲಿನಲ್ಲಿ ಹಚ್ಚಿದ್ರೆ ನಮ್ಮದೂ ಕಲೀತದೆ.