ಗುಜರಿ ಕಿಟಕಿಗೆ ಕನ್ನಡಿ ಕೂರಿಸುವ ಮೊದಲು ಆ ಪುಡಿ ನೋಡಿ

ನೀವು ಕಳಿಸಿದ ಕಿಟಕಿಯ ಫೋಟೋ ದೊಡ್ಡದು ಮಾಡಿ ನೋಡಿದೆ. ಗುಜರಿ ಅಂಗಡಿಯಿಂದ 400 ರೂಪಾಯಿಗೆ ಹಸಿರು ಬಣ್ಣ ಬಳಿದ ಹಳೇ ಕಿಟಕಿ ಚೌಕಟ್ಟು ತಂದಿದ್ದೀರಿ. ಕನ್ನಡಿ ಕೂರಿಸಿ ಹಾಲ್‌ನಲ್ಲಿ ಇಡುವ ಆಸೆ. ಬಾಡಿಗೆ ಮನೆ, ಮೊಳೆ ಹೊಡೆಯುವಂತಿಲ್ಲ. ಕೆಳಗೆ ಬಿಳಿ ಪುಡಿ ಉದುರುತ್ತಿದೆ, ಬಿಳಿ ಪೇಂಟ್ ಹೊಡೆದರೆ ನಿಲ್ಲುತ್ತದಾ ಅಂತ ಕೇಳಿದ್ದೀರಿ. ನಿಲ್ಲುವುದಿಲ್ಲ. ಪೇಂಟ್ ಡಬ್ಬಿ ಸದ್ಯಕ್ಕೆ ಅಟ್ಟಕ್ಕೆ ಹಾಕಿ.

ಗುಂಡುಸೂಜಿ ತಲೆಯಷ್ಟು ತೂತು, ಅದರ ಕೆಳಗೆ ಮೈದಾ ಹಿಟ್ಟಿನಂಥ ಪುಡಿ ಇದ್ದರೆ ಅದು ಕುಟ್ಟೆ ಹುಳ. ಗೆದ್ದಲಾಗಿದ್ದರೆ ಸಾಮಾನ್ಯವಾಗಿ ಮಣ್ಣಿನ ಗೆರೆ ಕಾಣುತ್ತಿತ್ತು. ಹುಳ ಇನ್ನೂ ಬದುಕಿದೆಯಾ, ಬರೀ ಹಳೇ ಪುಡಿ ಉದುರುತ್ತಿದೆಯಾ ಅಂತ ತಿಳಿಯಲು ಸುಲಭದ ದಾರಿ ಇದೆ. ಚೌಕಟ್ಟನ್ನು ಚೆನ್ನಾಗಿ ಬಡಿದು, ಬ್ರಷ್‌ನಲ್ಲಿ ಒರೆಸಿ, ಕಪ್ಪು ಕಾಗದದ ಮೇಲೆ ಎರಡು ವಾರ ಅಲ್ಲಾಡಿಸದೆ ಬಿಡಿ. ತೂತಿನ ಕೆಳಗೆ ಮತ್ತೆ ಪುಟ್ಟ ಗುಡ್ಡೆ ಬಿದ್ದಿದ್ದರೆ ಒಳಗೆ ಹುಳ ಇದೆ ಅಂತಲೇ ಲೆಕ್ಕ. ಅಲ್ಲಿಯವರೆಗೆ ಬಾಲ್ಕನಿಯಲ್ಲೇ ಇರಲಿ, ಮಂಚ, ಬೀರುವಿನ ಹತ್ತಿರ ಬೇಡ.

ಈ ಹುಳ ತಿನ್ನುವುದು ಹೆಚ್ಚಾಗಿ ಮರದ ಹೊರಗಿನ ಬಿಳಿ ಭಾಗವನ್ನು. ಚೇಗಿನ, ಅಂದರೆ ಒಳಗಿನ ಗಟ್ಟಿ ಭಾಗದ, ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ದಪ್ಪ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ ನೋಡಿ. ಸೂಜಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದರೆ ಆ ತುಂಡನ್ನು ಆಚಾರಿಯ ಕೈಲಿ ಕತ್ತರಿಸಿ ಹೊಸ ಪಟ್ಟಿ ಹಾಕಿಸಬೇಕು. ಗಟ್ಟಿ ಇದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಮರದ ಹುಳಕ್ಕೆ ಅಂತಲೇ ಔಷಧಿ ಸಿಗುತ್ತದೆ. ಹಳೇ ಬಣ್ಣ ಹೋದ ಮೇಲೆ ಬರಿ ಮರಕ್ಕೆ ಬ್ರಷ್‌ನಲ್ಲಿ ಹಚ್ಚಿ, ತೂತುಗಳಿಗೆ ಸಿರಿಂಜ್‌ನಲ್ಲಿ ಬಿಡಿ. ಕೈಗವಸು ಬೇಕು, ಕೆಲಸ ಬಯಲಲ್ಲಿ ಆಗಬೇಕು. ಡಬ್ಬಿ ಮೇಲೆ ಎಷ್ಟು ದಿನ ಒಣಗಿಸಬೇಕು ಅಂತ ಬರೆದಿರುತ್ತದೋ ಅಷ್ಟು ದಿನ ಬಿಡಿ. ಪೇಂಟ್ ಅಥವಾ ಪಾಲಿಶ್ ಆದ ಮೇಲೆ ಹಚ್ಚಿದರೆ ಔಷಧಿ ಒಳಗೇ ಇಳಿಯುವುದಿಲ್ಲ.

ಈಗ ಆ ಹಸಿರು ಬಣ್ಣದ ವಿಷಯ. ಮನೆ ಪೇಂಟ್‌ನಲ್ಲಿ ವಿಷಕಾರಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ನಿಮ್ಮ ಚೌಕಟ್ಟು ಅದಕ್ಕಿಂತ ಎಷ್ಟೋ ಹಳೆಯದು. ಹಾಗಾಗಿ ಸೀಸ ಇದೆ ಅಂತಲೇ ತಿಳಿದು ಕೆಲಸ ಮಾಡಿ. ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಚಿಮುಕಿಸಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಒದ್ದೆ ಇರುವಾಗಲೇ ಕೆರೆಯಿರಿ. ಬಟ್ಟೆ ಮಾಸ್ಕ್ ಸಾಲದು, ಎನ್95 ಹಾಕಿಕೊಳ್ಳಿ. ಮನೆಯಲ್ಲಿ ಚಿಕ್ಕ ಮಕ್ಕಳೋ ಬಸುರಿಯೋ ಇದ್ದರೆ ದಯವಿಟ್ಟು ಈ ಕೆಲಸ ಮನೆಯಲ್ಲಿ ಬೇಡವೇ ಬೇಡ.

ಬಣ್ಣ ಕಿತ್ತ ಮೂಲೆಯಲ್ಲಿ ಅರಿಶಿನದಂಥ ಹಳದಿ ಇಣುಕುತ್ತಿದೆ, ಗಮನಿಸಿದಿರಾ? ಹಲಸು ಇರಬಹುದು. ಹೌದಾದರೆ ನಿಮ್ಮ 400 ರೂಪಾಯಿ ವಸೂಲಾಯಿತು ಬಿಡಿ. ಹಲಸಿನ ಚೇಗು ಮೊದಲು ಹಳದಿ ಇದ್ದು, ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅದರ ಮೇಲೆ ಬಿಳಿ ಪೇಂಟ್ ಬಳಿಯಲು ನನಗಂತೂ ಮನಸ್ಸು ಬರುವುದಿಲ್ಲ. ಹಳೇ ಬಣ್ಣ ಪೂರ್ತಿ ಹೋಗಿ ಮರ ಒಣಗಿದ ಮೇಲೆ 120, ಆಮೇಲೆ 220 ನಂಬರ್ ಸ್ಯಾಂಡ್ ಪೇಪರ್ ಹಿಡಿದು ಎಳೆಯ ಉದ್ದಕ್ಕೆ ಉಜ್ಜಿ. ಅಡ್ಡ ಉಜ್ಜಿದರೆ ಗೀರು ಉಳಿಯುತ್ತದೆ. ನಂತರ ಪೇಂಟ್ ಅಂಗಡಿಯ ಲಿನ್‌ಸೀಡ್ ಎಣ್ಣೆ ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿ. ಒಣಗಲು ಬಿಟ್ಟು ಇನ್ನೊಂದು ಸಲ. ಸಾಕು. ಆದರೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಬುಟ್ಟಿಗೆ ಹಾಕಬೇಡಿ. ಈ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆಗೆ ತಾನಾಗೇ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ, ಆಮೇಲೆ ಎಸೆಯಿರಿ.

ಕನ್ನಡಿಗೆ ಅಳತೆ ಬರೆದುಕೊಂಡು ಹೋಗಬೇಡಿ, ಚೌಕಟ್ಟನ್ನೇ ಆಟೋದಲ್ಲಿ ಹಾಕಿಕೊಂಡು ಗಾಜಿನ ಅಂಗಡಿಗೆ ಹೋಗಿ. ಹಳೇ ಕಿಟಕಿ ಯಾವತ್ತೂ ಸರಿಯಾದ ಚೌಕ ಇರುವುದಿಲ್ಲ. ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಟೇಪ್ ಹಿಡಿದರೆ ಗೊತ್ತಾಗುತ್ತದೆ, ನನ್ನದರಲ್ಲಿ ಒಂದು ಇಂಚು ವ್ಯತ್ಯಾಸ ಇತ್ತು. 4 ಮಿಲಿಮೀಟರ್ ದಪ್ಪದ್ದು ಸಾಕು, ಸುತ್ತ 2 ಮಿಲಿಮೀಟರ್ ಸಡಿಲ ಬಿಡಿಸಿ. ಇನ್ನೊಂದು ಮಾತು. ನಾನು ಮೊದಲ ಸಲ ಕೈಗೆ ಸಿಕ್ಕ ಸಿಲಿಕೋನ್ ಅಂಟು ಹಾಕಿ ಕೂರಿಸಿದ್ದೆ. ಹಚ್ಚುವಾಗ ವಿನೆಗರ್ ವಾಸನೆ ಬರುತ್ತಿತ್ತು, ಸುಮ್ನೆ ಬಿಟ್ಟೆ. ಆರು ತಿಂಗಳಿಗೆ ಕನ್ನಡಿ ಅಂಚಿನಲ್ಲೆಲ್ಲ ಕಪ್ಪು ಮಚ್ಚೆ. ಆ ಹುಳಿ ಹಿಂಬದಿಯ ಲೇಪ ತಿಂದಿತ್ತು. ಕನ್ನಡಿಗೆ ಆ ಹುಳಿ ಬಿಡದ ನ್ಯೂಟ್ರಲ್ ಸಿಲಿಕೋನ್ ಅಂತ ಕೇಳಿ ತನ್ನಿ. ಅಥವಾ ಅಂಟೇ ಇಲ್ಲದೆ ಹಿಂದಿನಿಂದ ಮರದ ಪಟ್ಟಿ ಹೊಡೆಸಿ, ನನಗೆ ಅದೇ ಇಷ್ಟ. ಒಡೆದರೆ ಬದಲಾಯಿಸುವುದೂ ಸುಲಭ.

ಮೊಳೆ ಇಲ್ಲದೆ ಅಂಟಿಸುವ ಹುಕ್‌ನಲ್ಲಿ ತೂಗುಹಾಕುವ ಯೋಚನೆ ಬಿಟ್ಟುಬಿಡಿ. ಈ ಗಾಜು ಒಂದು ಚದರ ಅಡಿಗೆ ಹತ್ತಿರ ಹತ್ತಿರ ಒಂದು ಕಿಲೋ ತೂಗುತ್ತದೆ. ಎರಡಡಿ ಅಗಲ ಮೂರಡಿ ಎತ್ತರ ಅಂದರೆ ಗಾಜೇ ಐದೂವರೆ ಕಿಲೋ, ಮೇಲೆ ಮರದ ತೂಕ ಬೇರೆ. ನೆಲದ ಮೇಲೆ ಗೋಡೆಗೆ ಒರಗಿಸಿ, ಅಡಿಗೆ ಹಳೇ ಸೈಕಲ್ ಟ್ಯೂಬ್‌ನ ತುಂಡು ಇಟ್ಟರೆ ಜಾರುವುದಿಲ್ಲ. ಮೇಲ್ಭಾಗವನ್ನು ತಂತಿಯಿಂದ ಪಕ್ಕದ ಕಿಟಕಿ ಸರಳಿಗೆ ಕಟ್ಟಿ.

ಅಮ್ಮನ ಹಳೇ ಇಳಕಲ್ ಸೀರೆ ಕತ್ತರಿಸಿ ಕುಶನ್ ಕವರ್ ಹೊಲಿಸಲಾ ಅಂತಲೂ ಕೇಳಿದ್ದಿರಿ. ಸೆರಗು ಮುಟ್ಟಬೇಡಿ. ಹಳೇ ಇಳಕಲ್‌ನಲ್ಲಿ ಮೈ ಹತ್ತಿಯದು, ಸೆರಗು ರೇಷ್ಮೆಯದು, ಎರಡನ್ನೂ ನೇಯುವಾಗಲೇ ಕೊಂಡಿ ಹಾಕಿ ಸೇರಿಸಿರುತ್ತಾರೆ. ಮೈ ಜೀರ್ಣವಾಗಿ ಹರಿದರೂ ಸೆರಗು ಎಷ್ಟೋ ಸಲ ಗಟ್ಟಿಯಾಗಿಯೇ ಇರುತ್ತದೆ. ಕೊಂಡಿಯ ಕೆಳಗೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಬಿದಿರ ಕೋಲಿಗೆ ಮಡಚಿ ಹೊಲಿದು ಪರದೆ ರಾಡಿನಿಂದ ಇಳಿಬಿಡಿ, ಬಿಸಿಲು ನೇರ ಬೀಳದ ಕಡೆ. ಉಳಿದ ಮೈಯಲ್ಲಿ ಕೌದಿ ಹೊಲಿಸಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಸೀರೆಗೆ ಯಾವಾಗಿನಿಂದಲೂ ಇದೇ ಗತಿ, ಸೋಫಾ ಮೇಲೆ ಹಾಸಿದರೆ ಕುಶನ್ ಕವರ್‌ಗಿಂತ ಜಾಸ್ತಿ ಚೆಂದ.

ಬಿರುಕು ಬಿಟ್ಟ ಉಪ್ಪಿನಕಾಯಿ ಭರಣಿಯಲ್ಲಿ ಗಿಡ ನೆಡಲಾ ಅಂತಲೂ ಕೇಳಿದ್ದಿರಿ. ನೇರವಾಗಿ ನೆಡಬೇಡಿ, ವರ್ಷಗಟ್ಟಲೆ ಹೀರಿದ ಉಪ್ಪು ಬಿರುಕಿನಿಂದ ಬಿಡುತ್ತಲೇ ಇರುತ್ತದೆ. ಒಳಗೊಂದು ಗಾಜಿನ ಬಾಟಲಿ ಇಟ್ಟು ಅದರಲ್ಲಿ ಮನಿ ಪ್ಲಾಂಟ್ ಬಿಡಿ. ನೀರು ಮಾತ್ರ ವಾರಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗಾಗುತ್ತದೆ.