ಇಳಿದದ್ದೂ ನಿಜ, ಏರಿದ್ದೂ ನಿಜ

ಓದುಗರ ಪತ್ರ: ಎಚ್‌ಐವಿ ಜಗತ್ತಿನಲ್ಲಿ ಕಡಿಮೆಯಾಗಿದೆ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿರಿ. ಅದೇ ಲೇಖನದ ಕೊನೆಗೆ, ಕೆಲವು ಕಡೆ ಜಾಸ್ತಿಯಾಗುತ್ತಿದೆ ಎಂದಿರಿ. ಯಾವುದನ್ನು ನಂಬಬೇಕು? ಅಷ್ಟಕ್ಕೂ ಇದು ತಾವಾಗಿ ಅಪಾಯ ತಂದುಕೊಂಡವರ ಕಾಯಿಲೆ. ಇದಕ್ಕೆ ಇಷ್ಟೊಂದು ಪುಟ ಯಾಕೆ?

ಸಂಪಾದಕರ ಉತ್ತರ:

ಎರಡನ್ನೂ ನಂಬಿ. 1995ರ ಸುಮಾರಿಗೆ ಜಗತ್ತಿನಲ್ಲಿ ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು ಜನರಿಗೆ ಹೊಸದಾಗಿ ಸೋಂಕು ತಗಲುತ್ತಿತ್ತು. 2023ರಲ್ಲಿ ಅದು ಸುಮಾರು 13 ಲಕ್ಷ. ಈ ಇಳಿಕೆಯ ದೊಡ್ಡ ಪಾಲು ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ದೇಶಗಳದ್ದು. ಪೂರ್ವ ಯುರೋಪ್, ಮಧ್ಯ ಏಷ್ಯಾ, ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾ, ಲ್ಯಾಟಿನ್ ಅಮೆರಿಕಗಳಲ್ಲಿ 2010ಕ್ಕಿಂತ ಈಗ ಜಾಸ್ತಿ. ಎಲ್ಲವನ್ನೂ ಕೂಡಿಸಿ ಒಂದೇ ಲೆಕ್ಕ ಕೊಟ್ಟರೆ ಈ ಏರಿಕೆ ಕಾಣುವುದೇ ಇಲ್ಲ.

ಏರುತ್ತಿರುವುದು ಯಾರಲ್ಲಿ? ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾವನ್ನು ಬಿಟ್ಟರೆ, 2022ರಲ್ಲಿ ಹೊಸ ಸೋಂಕಿನ ನೂರಕ್ಕೆ 80 ಪಾಲು ಮಾದಕವಸ್ತು ಚುಚ್ಚಿಕೊಳ್ಳುವವರು, ಲೈಂಗಿಕ ಕಾರ್ಯಕರ್ತೆಯರು, ಪುರುಷರೊಂದಿಗೆ ಸಂಪರ್ಕ ಇರುವ ಪುರುಷರು, ಟ್ರಾನ್ಸ್‌ಜೆಂಡರ್ ಜನ ಮತ್ತು ಇವರೆಲ್ಲರ ಸಂಗಾತಿಗಳಲ್ಲಿ ಎಂಬುದು ವಿಶ್ವಸಂಸ್ಥೆಯ ಏಡ್ಸ್ ವಿಭಾಗವಾದ ಯುಎನ್‌ಏಡ್ಸ್‌ನ ಅಂದಾಜು.

ನಿಮ್ಮ "ತಾವಾಗಿ" ಎಂಬ ಮಾತಿಗೆ ಬರುತ್ತೇನೆ. ಅದನ್ನು ಒಪ್ಪಲು ನನ್ನಿಂದ ಆಗದು.

ಮಾದಕವಸ್ತು ಚುಚ್ಚಿಕೊಳ್ಳುವವರ ಒಂದು ಸಿರಿಂಜ್ ಅನ್ನೇ ನೋಡಿ. ರಕ್ತನಾಳ ಸಿಕ್ಕಿತೋ ಇಲ್ಲವೋ ಎಂದು ನೋಡಲು ಹಿಡಿಯನ್ನು ತುಸು ಹಿಂದಕ್ಕೆ ಎಳೆಯುತ್ತಾರೆ. ಒಂದೆಳೆ ರಕ್ತ ಒಳಗೆ ಬರುತ್ತದೆ. ಆಮೇಲೆ ಪೂರ್ತಿ ಒತ್ತಿದರೂ ಸೂಜಿಯ ಬುಡದಲ್ಲಿ ಚೂರು ಉಳಿದೇ ಉಳಿಯುತ್ತದೆ. ಅದರೊಳಗೆ ಈ ವೈರಸ್ ವಾರಗಟ್ಟಲೆ ಬದುಕಬಲ್ಲದು. ಹೊಸ ಸೂಜಿ ಸಿಕ್ಕರೆ ಆ ಅಪಾಯ ಅಲ್ಲಿಗೇ ಮುಗಿಯಿತು. ಆದರೆ ಜೇಬಿನಲ್ಲಿ ಸೂಜಿ ಸಿಕ್ಕರೆ ಪೊಲೀಸರು ಹಿಡಿಯುವ ಊರಿನಲ್ಲಿ ಯಾರೂ ಅದನ್ನು ಇಟ್ಟುಕೊಳ್ಳುವುದಿಲ್ಲ. ಪಕ್ಕದವನ ಸೂಜಿಗೇ ಕೈ ಚಾಚುತ್ತಾರೆ.

ಮೆಥಡೋನ್ ಎಂಬ ಔಷಧ ಇದೆ. ಬಾಯಿಂದ ಕುಡಿಸುತ್ತಾರೆ, ಹೆರಾಯಿನ್ ಚುಚ್ಚಿಕೊಳ್ಳುವ ತುಡಿತ ತಗ್ಗುತ್ತದೆ. ರಷ್ಯಾದಲ್ಲಿ ಅದು ನಿಷಿದ್ಧ. 2014ರಲ್ಲಿ ಉಕ್ರೇನ್‌ನ ಕ್ರಿಮಿಯಾ ರಷ್ಯಾದ ಕೈಗೆ ಹೋದಾಗ, ಅಲ್ಲಿ ಈ ಚಿಕಿತ್ಸೆಯಲ್ಲಿದ್ದ ಸುಮಾರು 800 ಜನರಿಗೆ ಔಷಧವೇ ನಿಂತುಹೋಯಿತು. ಎಷ್ಟೋ ಜನ ಮತ್ತೆ ಸೂಜಿ ಹಿಡಿದರು. ಇದನ್ನು ತಾವಾಗಿ ತಂದುಕೊಂಡದ್ದು ಅನ್ನೋಣವೇ?

ಥಾಯ್ಲೆಂಡ್ ಬೇರೆ ದಾರಿ ಹಿಡಿಯಿತು. 1991ರಲ್ಲಿ ಇಡೀ ದೇಶದ ವೇಶ್ಯಾಗೃಹಗಳಲ್ಲಿ ಕಾಂಡೋಮ್ ಕಡ್ಡಾಯವಾಯಿತು. ಹೊಣೆ ಹೊರಿಸಿದ್ದು ಹೆಣ್ಣುಮಕ್ಕಳ ಮೇಲಲ್ಲ, ಮಾಲೀಕರ ಮೇಲೆ. "ಬೇಡ" ಅಂದ ಗಿರಾಕಿ ಪಕ್ಕದ ಮನೆಗೆ ಹೋದರೂ ಅದೇ ಉತ್ತರ. 1989ರಲ್ಲಿ ನೂರಕ್ಕೆ 14ರಷ್ಟಿದ್ದ ಬಳಕೆ 1993ರ ಹೊತ್ತಿಗೆ 90 ದಾಟಿತು. ಅದೇ ಹೆಂಗಸರು, ಅದೇ ಕೆಲಸ. ಬದಲಾದದ್ದು ಅವರ ಸುತ್ತಲಿನ ನಿಯಮ.

ಇನ್ನು, ಆ 80ರ ಲೆಕ್ಕದಲ್ಲಿ ಸಂಗಾತಿಗಳೂ ಇದ್ದಾರೆ. ಗಂಡ ಸೂಜಿ ಚುಚ್ಚಿಕೊಳ್ಳುವುದು ಗೊತ್ತೇ ಇಲ್ಲದ ಹೆಂಡತಿಯೂ ಅದರಲ್ಲಿ ಸೇರುತ್ತಾಳೆ, ಅಲ್ವಾ?

ಒಂದು ತಪ್ಪು ನಮ್ಮದು. ಏರಿಕೆಯ ಮಾತನ್ನು ಲೇಖನದ ಬಾಲಕ್ಕೆ ತಳ್ಳಬಾರದಿತ್ತು. ಮುಂದಿನ ಸಂಚಿಕೆಯಲ್ಲಿ ಪ್ರದೇಶವಾರು ಲೆಕ್ಕವನ್ನು ಮೊದಲ ಪುಟದಲ್ಲೇ ಕೊಡುತ್ತೇವೆ. ಓದಿ, ಮತ್ತೆ ಬರೆಯಿರಿ.